ಟೆನಿಸ್ ಸ್ಕೋರ್ ಆ್ಯಪ್: ಡ್ಯೂಸ್ ತನಕ ಸೂಪರ್, ಟೈಬ್ರೇಕ್ ಬಂದ್ರೆ ತಲೆನೋವು

ಮೂರು ತಿಂಗಳಿಂದ ವಾಚಲ್ಲಿ ಹಾಕ್ಕೊಂಡು ಆಡ್ತಿದೀನಿ, ಐದಕ್ಕೆ ಮೂರು ಸ್ಟಾರ್. ನಾನು, ನಮ್ ಭಾವ, ಭಾವನ ಇಬ್ರು ಫ್ರೆಂಡ್ಸು, ಪ್ರತಿ ಭಾನುವಾರ ಬೆಳಗ್ಗೆ ಆರಕ್ಕೆ ಮೈಸೂರಲ್ಲಿ ಒಂದ್ ಕೋರ್ಟ್ ಬಾಡಿಗೆಗೆ ತಗೊಂಡು ಡಬಲ್ಸ್ ಆಡ್ತೀವಿ, ಆಟಕ್ಕಿಂತ ಸ್ಕೋರ್ ಜಗಳನೇ ಜಾಸ್ತಿ. "ಥರ್ಟಿ ಫಾರ್ಟಿ ಅಲ್ವೇನೋ?" "ಇಲ್ಲ ಭಾವ, ಫಾರ್ಟಿ ಫಿಫ್ಟೀನು, ನಿಮ್ದು ಆ ಬಾಲ್ ಔಟ್ ಹೋಯ್ತಲ್ಲ." ಈ ಕಾಟಕ್ಕೇ ಇನ್‌ಸ್ಟಾಲ್ ಮಾಡಿದ್ದು.

ಮಾಮೂಲಿ ಗೇಮ್ ಮಟ್ಟಿಗೆ ತಕರಾರಿಲ್ಲ. ನಮ್ ಪಾಯಿಂಟ್‌ಗೆ ಒಂದ್ ಸಲ ಒತ್ತು, ಅವ್ರದ್ದಕ್ಕೆ ಎರಡ್ ಸಲ, ಸರ್ವ್ ಮಾಡೋರ ಸ್ಕೋರನ್ನೇ ಮೊದ್ಲು ಕೂಗುತ್ತೆ. 15, 30 ಆದ್ಮೇಲೆ 45 ಬರ್ಬೇಕಿತ್ತಲ್ವಾ, 40 ಯಾಕೆ ಅಂತ ಭಾವ ಇವತ್ತಿಗೂ ಕೇಳ್ತಾರೆ, ಅದು ಆ್ಯಪ್ ತಪ್ಪಲ್ಲ ಬಿಡಿ. ಒಂದ್ ಗೇಮಲ್ಲಿ ಎಂಟು ಸಲ ಡ್ಯೂಸ್ (40-40 ಸಮ) ಆಯ್ತು, ನಮಗೆಲ್ಲ ಲೆಕ್ಕ ತಪ್ಪೋಯ್ತು, ಇದಕ್ಕೆ ತಪ್ಪಲಿಲ್ಲ.

ಆದ್ರೆ ಹಾಕಿದ ತಕ್ಷಣ ಸೆಟ್ಟಿಂಗ್ಸ್ ನೋಡ್ಕೊಳ್ಳಿ, ತಾನಾಗೇ ನೋ-ಆ್ಯಡ್ ಅಂತ ಬಂದಿರುತ್ತೆ. ಅಂದ್ರೆ 40-40 ಆದ್ರೆ ಎರಡ್ ಪಾಯಿಂಟ್ ಮುಂದಿರ್ಬೇಕು ಅನ್ನೋ ಅಡ್ವಾಂಟೇಜ್ ಗಿಡ್ವಾಂಟೇಜ್ ಏನಿಲ್ಲ, ಒಂದೇ ಪಾಯಿಂಟಿಗೆ ಗೇಮ್ ಮುಗೀತು. ಎಟಿಪಿ ಟೂರ್ (ಗಂಡಸರ ವೃತ್ತಿಪರ ಟೆನಿಸ್) ಡಬಲ್ಸಲ್ಲಿ ಹಿಂಗೇ ಆಡೋದು ಸರಿ, ನಮಗೇನ್ ಗೊತ್ತು, ಮೊದಲ ಭಾನುವಾರ ಭಾವ ಒಂದ್ ಪಾಯಿಂಟ್ ಹೊಡೆದ್ರು, ವಾಚು "ಗೇಮ್" ಅಂತು, ಅರ್ಧ ಗಂಟೆ ಜಗಳ. ನೋ-ಆ್ಯಡ್‌ನಲ್ಲಿ ಯಾವ ಸೈಡಲ್ಲಿ ರಿಸೀವ್ ಮಾಡ್ತೀವಿ ಅಂತ ರಿಸೀವ್ ಮಾಡೋ ಟೀಮೇ ಆರಿಸ್ಕೋಬೋದು, ಅದನ್ನಾದ್ರೂ ಈ ಆ್ಯಪ್ ಹೇಳ್ಬೇಕಿತ್ತು.

ಅಸಲಿ ಕಷ್ಟ ಇರೋದು ಸೆಟ್‌ನಲ್ಲಿ ಗೇಮ್‌ಗಳು 6-6 ಸಮ ಆದ್ಮೇಲೆ, ಅಂದ್ರೆ ಸೆಟ್ ತೀರ್ಮಾನಿಸೋ ಟೈಬ್ರೇಕ್ ಗೇಮಲ್ಲಿ. ಟೈಬ್ರೇಕಲ್ಲಿ ಮೊದಲನೇ ಸರ್ವ್ ಒಂದೇ, ಆಮೇಲೆ ಎರಡೆರಡು, ಆರ್ ಆರ್ ಪಾಯಿಂಟಿಗೆ ಸೈಡ್ ಬದಲಿಸ್ಬೇಕು, 7 ಆಗ್ಬೇಕು ಮತ್ತೆ ಎರಡರ ಲೀಡ್ ಇರ್ಬೇಕು. ಇಷ್ಟನ್ನ ಸರಿಯಾಗೇ ಎಣಿಸುತ್ತೆ, ಸೈಡ್ ಬದಲಿಸೋಕೆ ಮಾತ್ರ ವೈಬ್ರೇಟ್ ಆಗಲ್ಲ. ದೊಡ್ಡ ಬಗ್ ಮುಂದಿನ ಸೆಟ್‌ದು. ಟೈಬ್ರೇಕ್‌ನ ಮೊದ್ಲ ಪಾಯಿಂಟ್ ಯಾವ ಟೀಮ್ ಸರ್ವ್ ಮಾಡಿರುತ್ತೋ ಆ ಟೀಮ್ ಮುಂದಿನ ಸೆಟ್‌ನ ಮೊದ್ಲ ಗೇಮಲ್ಲಿ ರಿಸೀವ್ ಮಾಡ್ಬೇಕು, ಇದು ರೂಲು. ಈ ಆ್ಯಪ್ ಕೊನೇ ಪಾಯಿಂಟ್ ಸರ್ವ್ ಮಾಡಿದ್ದು ಯಾರು ಅಂತ ನೋಡಿ ಅದರ ಮೇಲೆ ಹೇಳುತ್ತೆ ಅನ್ಸುತ್ತೆ, ಹಂಗಾಗಿ ಒಂದೊಂದ್ ಸಲ ಸರಿ, ಒಂದೊಂದ್ ಸಲ ಉಲ್ಟಾ.

ಇನ್ನೊಂದು, ಟೈಬ್ರೇಕ್ ಸ್ಕೋರನ್ನ ಸೇವ್ ಮಾಡಲ್ಲ, ಬರೀ 7-6 ಅಷ್ಟೇ. ನಮ್ ಕೊಡಗಿನ ರೋಹನ್ ಬೋಪಣ್ಣ 2024ರ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಫೈನಲನ್ನ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆ 7-6, 7-5ರಲ್ಲಿ ಗೆದ್ರಲ್ಲ, ಆ ಟೈಬ್ರೇಕ್ 7-0! ಅದನ್ನೂ ತಿಣುಕಾಡಿ ಗೆದ್ದ 15-13ನ್ನೂ ಒಂದೇ ಥರ ತೋರಿಸಿದ್ರೆ ಹೆಂಗೆ?

ಆ್ಯಪಲ್ಲಿರೋ ವಿಂಬಲ್ಡನ್ ರೂಲಿನ ಸೆಟ್ಟಿಂಗೂ ಹಳೇದು. ಕೊನೇ ಸೆಟ್ 12-12 ಆದ್ರೆ ಟೈಬ್ರೇಕ್ ಅನ್ನುತ್ತೆ, ಅದು 2019ರ ಕಥೆ. 2022ರಿಂದ ನಾಲ್ಕೂ ಗ್ರ್ಯಾಂಡ್‌ಸ್ಲಾಮಲ್ಲಿ ಕೊನೇ ಸೆಟ್ 6-6ಕ್ಕೇ 10 ಪಾಯಿಂಟಿನ ಟೈಬ್ರೇಕು.

ಟೈಬ್ರೇಕ್ ಇಲ್ದೇ ಆಡೋ ಆಪ್ಷನ್ ಮಾತ್ರ ಗಟ್ಟಿ. 2010ರ ವಿಂಬಲ್ಡನಲ್ಲಿ (ಆಗ ಕೊನೇ ಸೆಟ್‌ಗೆ ಟೈಬ್ರೇಕ್ ಇರ್ಲಿಲ್ಲ) ಐಸ್ನರ್, ಮಹೂ ಅನ್ನೋ ಆಟಗಾರರು ಮೂರು ದಿನ ಸೇರಿ 11 ಗಂಟೆ 5 ನಿಮಿಷ ಆಡಿ ಕೊನೇ ಸೆಟ್ 70-68 ಆಯ್ತಲ್ಲ, ಅಲ್ಲಿಯ ಎಲೆಕ್ಟ್ರಾನಿಕ್ ಬೋರ್ಡೇ 47-47ಕ್ಕೆ ನಿಂತೋಗಿತ್ತು. ಇದೇನ್ ಮಾಡುತ್ತೋ ನೋಡೋಣ ಅಂತ ಒಂದ್ ರಾತ್ರಿ ಸೋಫಾ ಮೇಲೆ ಕೂತು ಒತ್ತಿದೆ ಒತ್ತಿದೆ, 48-47 ಬಂತು! ಹೆಂಡತಿ ಮುಖ ನೋಡ್ಬೇಕಿತ್ತು.

ಸ್ಟ್ಯಾಟ್ಸ್ ಪೇಜ್ ಚೆನ್ನಾಗಿದೆ, ಹೊಟ್ಟೆ ಉರಿಸುತ್ತೆ ಅಷ್ಟೇ. ಹೋದ ವಾರ ನಮ್ದು 71 ಪಾಯಿಂಟು, ಅವ್ರದ್ದು 66, ಸೋತಿದ್ದು ನಾವು. 2019ರ ವಿಂಬಲ್ಡನ್ ಫೈನಲಲ್ಲಿ ಸೋತ ಫೆಡರರ್‌ಗೂ 218, ಗೆದ್ದ ಜೊಕೊವಿಚ್‌ಗೆ 204 ಪಾಯಿಂಟ್ ಇತ್ತು ಅಂತ ಹೇಳ್ದೆ, "ಹೂಂ, ನೀನೂ ಫೆಡರರೂ ಒಂದೇ" ಅಂದ್ರು ಭಾವ.

ಸರ್ವ್ ಬಗ್ ಸರಿ ಮಾಡಿದ್ರೆ ನಾಲ್ಕನೇ ಸ್ಟಾರ್ ಕೊಡ್ತೀನಿ. ಅಲ್ಲೀವರೆಗೂ ಟೈಬ್ರೇಕ್ ಶುರು ಆಗೋ ಮುಂಚೆ, ಮೊದ್ಲು ಸರ್ವ್ ಮಾಡೋ ಟೀಮ್ ಯಾವ್ದು ಅಂತ ನೆನಪಿರ್ಲಿ ಅಂತ ಆ ಟೀಮಿನ ನೀರಿನ ಬಾಟ್ಲನ್ನ ನೆಟ್ ಕಂಬದ ಹತ್ರ ಇಡ್ತಿದೀವಿ.