ಟ್ರಾವೆಲರ್ ಹಿಂದೆ ಎರಡು ಸೈಕಲ್: ಮೂರು ಮಳೆಗಾಲ ಕಂಡ ಕ್ಯಾರಿಯರ್

ನಮ್ಮದು ಹಳೇ ಟೆಂಪೋ ಟ್ರಾವೆಲರ್. ಸೀಟು ತೆಗೆಸಿ ಎರಡು ಮಂಚ, ಒಂದು ಒಲೆ, ನೀರಿನ ಕ್ಯಾನು ಇಟ್ಟುಕೊಂಡಿದ್ದೇವೆ. ಮನೆ ಶಿವಮೊಗ್ಗದಲ್ಲಿ, ರಜೆ ಸಿಕ್ಕರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹೊರಡುತ್ತೇವೆ. ಹಿಂಬಾಗಿಲಿಗೆ ಬೆಲ್ಟ್ ಹಾಕಿ ಕಟ್ಟುವ ಸೈಕಲ್ ಕ್ಯಾರಿಯರ್ ಕೊಂಡು ಮೂರು ವರ್ಷ ದಾಟಿತು. ಕೊಳ್ಳುವಾಗ ನಾನು ಓದಿದ ವಿಮರ್ಶೆಗಳೆಲ್ಲ ಹೊಸ ಕ್ಯಾರಿಯರ್ ಬಗ್ಗೆ, ಒಣ ಹೆದ್ದಾರಿ ಬಗ್ಗೆ ಇದ್ದವು. ಮಲೆನಾಡಿನ ಮಳೆಯಲ್ಲಿ ಅದು ಏನಾಗುತ್ತೆ ಅಂತ ಯಾರೂ ಬರೆದಿರಲಿಲ್ಲ.

ಎರಡು ಸೈಕಲ್ ಸೇರಿ ಸುಮಾರು 30 ಕಿಲೋ. ಡಬ್ಬದ ಮೇಲೆ 45 ಕಿಲೋ ತಡೆಯುತ್ತದೆ ಎಂದು ಬರೆದಿತ್ತು. ಮನೆ ಮುಂದೆ ನಿಂತಾಗ ತಡೆಯಿತು ಕೂಡ. ಆದರೆ ಹಿಂಚಕ್ರದಿಂದ ಅಷ್ಟು ದೂರ ತೂಗಾಡುವ ಭಾರ, ಗಾಡಿ ಗುಂಡಿಗೆ ಇಳಿದು ಎದ್ದಾಗ 30 ಕಿಲೋ ಆಗಿ ಉಳಿಯುವುದಿಲ್ಲ. ಪ್ರತಿ ಹಂಪ್ಸ್‌ಗೂ ಬಾಗಿಲನ್ನು ಹಿಡಿದು ಜಗ್ಗುತ್ತದೆ.

ಮೊದಲ ಜುಲೈನಲ್ಲೇ ಬುದ್ಧಿ ಬಂತು. ಗಾಜನೂರು ದಾಟಿದ ಮೇಲೆ ಜೋರು ಮಳೆ. ಮಂಡಗದ್ದೆ ಹತ್ತಿರ ಬೈಕಿನವನೊಬ್ಬ ಪಕ್ಕಕ್ಕೆ ಬಂದು, "ಅಣ್ಣಾ, ಹಿಂದೆ ಸೈಕಲ್ ವಾಲಿದೆ, ನೋಡ್ಕೊಳ್ಳಿ" ಎಂದು ಕೂಗಿದ. ಇಳಿದು ನೋಡಿದರೆ ಬೆಲ್ಟ್‌ಗಳೆಲ್ಲ ಸಡಿಲ. ಹೊರಗಿನ ಸೈಕಲ್ಲಿನ ಚಕ್ರ ರಸ್ತೆಗೆ ಒಂದು ಗೇಣು ಮೇಲಿತ್ತು, ಅಷ್ಟೇ. ಹಿಂದೆ ಬರುತ್ತಿದ್ದವರ ಮೇಲೆ ಬಿದ್ದಿದ್ದರೆ? ಇವತ್ತಿಗೂ ನೆನೆಸಿಕೊಂಡರೆ ಕೈ ತಣ್ಣಗಾಗುತ್ತದೆ. ನೈಲಾನ್ ಬೆಲ್ಟ್ ನೀರು ಕುಡಿದರೆ ಹಿಗ್ಗುತ್ತದೆ, ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ. ಮನೆಗೆ ಬಂದವನೇ ಬೆಲ್ಟ್ ಬದಲಾಯಿಸಿದೆ. ಈಗಲೂ ಹೊರಟ ಹತ್ತು ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಿ ಬಿಗಿ ಮಾಡುತ್ತೇನೆ, ಆಮೇಲೆ ಟೀ ಕುಡಿಯಲು ನಿಂತಾಗಲೆಲ್ಲ.

ಅಷ್ಟಾದರೂ ಬಾಗಿಲಿನ ಕೀಲು ಕಿರುಗುಟ್ಟಲು ಶುರುವಾಯಿತು. ರಬ್ಬರ್ ಪ್ಯಾಡಿನ ಅಡಿ ಕೆಂಪು ಮಣ್ಣು ಸೇರಿಕೊಂಡು ಬಣ್ಣವನ್ನು ಮರಳು ಕಾಗದ ಹಾಕಿದ ಹಾಗೆ ತಿಂದಿತ್ತು. ಎರಡನೇ ವರ್ಷ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಒಬ್ಬ ವೆಲ್ಡರ್ ಹತ್ತಿರ ಹೋದೆ. ಅವರು ಕ್ಯಾರಿಯರ್ ನೋಡಿ ಒಂದೇ ಮಾತು ಹೇಳಿದರು: "ಭಾರ ಚಾಸಿಗೆ ಕೊಡಿ ಸಾರ್, ಬಾಗಿಲಿಗೆ ಬೇಡ." ಬಂಪರ್ ಕೆಳಗಿಂದ ಚಾಸಿಗೆ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಬೋಲ್ಟ್ ಮಾಡಿದ ಎರಡು ಪೈಪು, ಅದರ ಮೇಲೆ ಚಕ್ರ ಕೂರುವ ಎರಡು ಉದ್ದನೆಯ ತಟ್ಟೆ ಮಾಡಿಕೊಟ್ಟರು. ಈಗ ಸೈಕಲ್ ತನ್ನ ಚಕ್ರದ ಮೇಲೆ ತಾನೇ ನಿಲ್ಲುತ್ತದೆ. ಬೆಲ್ಟಿನ ಕೆಲಸ ಅಲ್ಲಾಡದಂತೆ ಹಿಡಿಯುವುದು ಮಾತ್ರ. ಇಷ್ಟು ಮಾಡಿಸಿದ ಮೇಲೇ ನನಗೆ ಈ ಕ್ಯಾರಿಯರ್ ಮೇಲೆ ನಂಬಿಕೆ ಬಂದದ್ದು. ಹೊಸದಾಗಿ ಕೊಳ್ಳುವವರು ನೇರವಾಗಿ ಚಾಸಿಗೆ ಕೂರುವುದನ್ನೇ ನೋಡಿ. ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ.

ನನ್ನ ಹೆಂಡತಿಯದು ಮೇಲಿನ ಅಡ್ಡ ಪೈಪು ಇಲ್ಲದ ಲೇಡೀಸ್ ಸೈಕಲ್. ಕ್ಯಾರಿಯರ್ ಕೈ ಹಿಡಿಯಲು ಅದರಲ್ಲಿ ಜಾಗವೇ ಇರಲಿಲ್ಲ. ಸೀಟಿನ ಕಂಬಕ್ಕೂ ಹ್ಯಾಂಡಲ್ಲಿನ ಬುಡಕ್ಕೂ ನಡುವೆ ಹಾಕುವ ಒಂದು ಸರಳು ಬೇರೆ ಕೊಳ್ಳಬೇಕಾಯಿತು.

ನಂಬರ್ ಪ್ಲೇಟ್, ಹಿಂದಿನ ದೀಪ ಎರಡೂ ಸೈಕಲ್ ಹಿಂದೆ ಮರೆಯಾಗುತ್ತವೆ. ಇದನ್ನು ದಂಡದ ವಿಷಯ ಎಂದಷ್ಟೇ ತಿಳಿಯಬೇಡಿ. ಆಗುಂಬೆಯಲ್ಲಿ ಹಗಲಲ್ಲೇ ಮಂಜು ಮುಚ್ಚಿದಾಗ ಹಿಂದಿನವರಿಗೆ ಕಾಣುವುದು ಆ ಕೆಂಪು ದೀಪ ಒಂದೇ. ಸೈಕಲ್ಲಿನ ಹೊರಗೆ ಇನ್ನೊಂದು ಪ್ಲೇಟು, ಬ್ರೇಕ್ ದೀಪ, ಇಂಡಿಕೇಟರ್ ಇರುವ ಹಲಗೆ ಕಟ್ಟಿದ್ದೇನೆ. ಅದೇ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ಗಾಡಿಯ ಉದ್ದ ಮುಕ್ಕಾಲು ಮೀಟರ್ ಹೆಚ್ಚಾಗಿರುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಹಿಂಭಾಗ ಎದುರು ಬದಿಗೆ ಬೀಸುತ್ತದೆ. ಒಮ್ಮೆ ಸೈಕಲ್ಲಿನ ಹ್ಯಾಂಡಲ್ ತಡೆಗೋಡೆಗೆ ಉಜ್ಜಿತು. ಈಗ ಹ್ಯಾಂಡಲ್ ಸಡಿಲಿಸಿ ಒಳಕ್ಕೆ ತಿರುಗಿಸುತ್ತೇನೆ.

ಇಷ್ಟೆಲ್ಲ ಸರಿಮಾಡಿದರೂ ಕೆಸರಿಗೆ ಮದ್ದು ಸಿಗಲಿಲ್ಲ. ಹಿಂಚಕ್ರ ಎರಚುವ ನೀರು ನೇರ ಸೈಕಲ್ ಮೇಲೆ ಬೀಳುತ್ತದೆ. ಮಣ್ಣು ನೀರಿನ ಜೊತೆ ಬೇರಿಂಗ್ ಒಳಗೆ ಹೋಗುತ್ತದೆ. ಮೂರು ವರ್ಷದಲ್ಲಿ ಪೆಡಲ್ ನಡುವಿನ ಬೇರಿಂಗ್ ಎರಡು ಸಲ ಬದಲಾಯಿಸಿದೆ. ಪೂರ್ತಿ ಮುಚ್ಚುವ ಕವರ್ ಹಾಕಿ ನೋಡಿದೆ. ಗಾಳಿಗೆ ಹಾಯಿಯ ಹಾಗೆ ಉಬ್ಬಿ, ಪಟಪಟ ಬಡಿದು ಹರಿದೇ ಹೋಯಿತು. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಸೈಕಲ್ ಎರಡೂ ಮಂಚದ ನಡುವೆ ಮಲಗುತ್ತವೆ. ರಾತ್ರಿ ಇಳಿಸಿ ಟಾರ್ಪಾಲ್ ಅಡಿ ಇಡಬೇಕು, ಬೆಳಿಗ್ಗೆ ಮತ್ತೆ ಹತ್ತಿಸಬೇಕು. ಕಷ್ಟವೇ. ಆದರೆ ಚೈನು ತುಕ್ಕು ಹಿಡಿದಿಲ್ಲ.

ಇಷ್ಟು ಪಾಡು ಯಾಕೆ ಅಂತ ಕೇಳುವವರಿದ್ದಾರೆ. ತೋಟದ ದಾರಿಗೆ ಟ್ರಾವೆಲರ್ ಹೋಗುವುದಿಲ್ಲ, ಅಲ್ವಾ? ಕವಲೇದುರ್ಗದ ಕಡೆ ಗಾಡಿ ನಿಲ್ಲಿಸಿ ಗದ್ದೆ ಬದಿಯಲ್ಲಿ ಸೈಕಲ್ ತುಳಿದ ಬೆಳಗು ನಮಗೆ ಬೇರೆ ಯಾವ ರೀತಿಯಲ್ಲೂ ಸಿಗುತ್ತಿರಲಿಲ್ಲ. ಸಿಗಂದೂರಿಗೆ ಮೊದಲು ಲಾಂಚಿನಲ್ಲಿ ಹೋಗುವಾಗ ಗಾಡಿಗಳು ಒತ್ತೊತ್ತಾಗಿ ನಿಲ್ಲುತ್ತಿದ್ದವು. ಸೈಕಲ್ ಬಿಚ್ಚಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದೆವು. 2025ರ ಜುಲೈನಲ್ಲಿ ಸೇತುವೆ ತೆರೆಯಿತು. ಮಳೆ ಬಿಟ್ಟ ಮೇಲೆ ಸೇತುವೆಯ ಈ ತುದಿಯ ಅಂಬಾರಗೋಡ್ಲಿನಲ್ಲಿ ಸೈಕಲ್ ಇಳಿಸಿದೆವು. ಎರಡೂ ಬದಿ ಶರಾವತಿ ಹಿನ್ನೀರು ತುಂಬಿ ನಿಂತಿತ್ತು. ಆ ಎರಡೂವರೆ ಕಿಲೋಮೀಟರ್ ನನ್ನ ಹೆಂಡತಿ ಒಂದು ಸಲವೂ ನಿಲ್ಲದೆ ತುಳಿದಳು.