ಅನಾನಸ್-ಗಜ್ಜರಿ ಜೆಲ್ಲಿ ಅಚ್ಚು: ದಾವಣಗೆರೆ ಬೇಸಿಗೆಗೆ ಜೆಲಾಟಿನ್ನೋ, ಚೈನಾ ಗ್ರಾಸೋ?

ನಿಂಬೆಹುಳಿ ಜೆಲ್ಲಿಯೊಳಗೆ ಅನಾನಸ್ ಚೂರು, ಹಸಿ ಗಜ್ಜರಿ ತುರಿ. ಬಳೆಯಾಕಾರದ ಅಚ್ಚಿಗೆ ಹೊಯ್ದು, ಗಟ್ಟಿಯಾದ ಮೇಲೆ ತಟ್ಟೆಗೆ ಬೋರಲು ಹಾಕಿ ಮೇಜಿಗೆ ತರೋದು. ಕಳೆದ ಶತಮಾನದ ನಡುಭಾಗದಲ್ಲಿ ಅಮೆರಿಕದ ಮನೆಗಳಲ್ಲಿ ಇದು ನೆಂಟರು ಬಂದಾಗ ಮಾಡೋ ತಿನಿಸು. ನಮ್ಮನೇಲಿ ಫ್ರಿಜ್ ಇದೆ ಅಂತ ಬಾಯಿಬಿಡದೆ ಹೇಳೋ ದಾರಿಯೂ ಹೌದು. ಇದನ್ನು ಅಲ್ಲಿ ಸಲಾಡ್ ಅಂತ ಕರೆದು, ಲೆಟಿಸ್ ಎಲೆ ಮೇಲಿಟ್ಟು, ಪಕ್ಕಕ್ಕೆ ಮೇಯೊನೀಸ್ ಬಡಿಸುತ್ತಿದ್ದರು. ಕೋಸಂಬರಿಗೆ ಗಜ್ಜರಿ ತುರಿಯೋ ನಮಗೆ ಜೆಲ್ಲಿಯೊಳಗಿನ ಗಜ್ಜರಿ ಅಂಥಾ ವಿಚಿತ್ರವೇನಲ್ಲ. ಮೇಯೊನೀಸ್ ಮಾತ್ರ ಬಿಟ್ಟುಬಿಡಿ.

ಅಲ್ಲಿನ ಹಳೇ ಪುಸ್ತಕಗಳ ಅಳತೆಯನ್ನು ಹಾಗೇ ನಂಬಿದರೆ ದಾವಣಗೆರೆಯಲ್ಲಿ ಕೈಕೊಡುತ್ತೆ. ಅದು ಬರೆದಿದ್ದು ತಣ್ಣನೆ ಅಡುಗೆಮನೆಗೆ, ಡಬ್ಬಿ ಅನಾನಸ್‌ಗೆ, ಜೆಲಾಟಿನ್‌ಗೆ. ಇಲ್ಲಿ ಸಿಗೋದು ಮೂರು ಸಾಮಾನು: ಕೇಕ್ ಸಾಮಾನಿನ ಅಂಗಡಿಯ ಜೆಲಾಟಿನ್ ಪುಡಿ, ಕಿರಾಣಿ ಅಂಗಡಿಯ ಚೈನಾ ಗ್ರಾಸ್ (ಕಡಲ ಪಾಚಿಯಿಂದ ತೆಗೆದ, ಜೆಲ್ಲಿ ಹಿಡಿಸೋ ಅಂಟು), ಬಣ್ಣ-ಸಕ್ಕರೆ ಎಲ್ಲಾ ಬೆರೆತ ರೆಡಿ ಜೆಲ್ಲಿ ಪ್ಯಾಕೆಟ್. ಒಂದು ಲೀಟರ್ ಅಚ್ಚಿಗೆ ಮೂರನ್ನೂ ಹೋಲಿಸಿದರೆ ಏಪ್ರಿಲ್-ಮೇ ತಿಂಗಳಿಗೆ ಚೈನಾ ಗ್ರಾಸ್‌ಗೇ ಮೊದಲ ಮಣೆ. ಆದರೆ ಬಾಯಲ್ಲಿ ಕರಗೋ ಸುಖ ಜೆಲಾಟಿನ್‌ನದ್ದೇ, ಅದನ್ನು ಒಪ್ಪಿಕೊಳ್ಳಲೇಬೇಕು.

ಮೂರಕ್ಕೂ ತಳಹದಿ ಒಂದೇ, ಸಕ್ಕರೆ ಬೆರೆತೇ ಬರೋ ರೆಡಿ ಪ್ಯಾಕೆಟ್‌ಗೆ ಸಕ್ಕರೆ ಮಾತ್ರ ಬೇಡ. ಸಿಪ್ಪೆ, ಕಣ್ಣು, ನಡುವಿನ ದಿಂಡು ತೆಗೆದ ಅನಾನಸ್ 200 ಗ್ರಾಂ, ಸಣ್ಣ ಚೂರು. ಗಜ್ಜರಿ 100 ಗ್ರಾಂ, ಸಣ್ಣ ತೂತಿನ ತುರಿಮಣೆಯಲ್ಲಿ. ಸಕ್ಕರೆ 110 ಗ್ರಾಂ, ಚಿಟಿಕೆ ಉಪ್ಪು, ನಿಂಬೆರಸ 50 ಮಿಲಿ. ನೀರು, ಅನಾನಸ್ ಬೆಂದ ರಸ, ನಿಂಬೆರಸ ಎಲ್ಲಾ ಸೇರಿ ದ್ರವ 600 ಮಿಲಿ ದಾಟಬಾರದು.

ಅನಾನಸ್ ಬೇಯಿಸಲೇಬೇಕು. ಹಸಿ ಹಣ್ಣಿನಲ್ಲಿ ಬ್ರೊಮೆಲೈನ್ ಅನ್ನೋ ಕಿಣ್ವ ಇರುತ್ತೆ. ಜೆಲಾಟಿನ್ ಒಂದು ಪ್ರೋಟೀನ್ ಆದ್ದರಿಂದ ಅದನ್ನು ತುಂಡುತುಂಡು ಮಾಡಿ ಹಾಕುತ್ತೆ. ಇಡೀ ರಾತ್ರಿ ಫ್ರಿಜ್ಜಲ್ಲಿಟ್ಟರೂ ಬೆಳಿಗ್ಗೆ ಸಿಗೋದು ಪಾನಕವೇ. ಹಸಿ ಪರಂಗಿ, ಕಿವಿ, ಹಸಿ ಶುಂಠಿ, ತಾಜಾ ಅಂಜೂರಕ್ಕೂ ಇದೇ ಗುಣ. ಡಬ್ಬಿಗೆ ತುಂಬುವಾಗ ಹಣ್ಣು ಕಾದಿರುತ್ತಾದ್ದರಿಂದ ಅಮೆರಿಕದ ಗೃಹಿಣಿಯರಿಗೆ ಈ ತಾಪತ್ರಯ ಇರಲಿಲ್ಲ. ತಾಜಾ ಹಣ್ಣನ್ನು ಅರ್ಧ ಲೋಟ ನೀರಲ್ಲಿ ಐದು ನಿಮಿಷ ಕುದಿಸಿದರೆ ಸಾಕು. ಚೈನಾ ಗ್ರಾಸ್ ಪ್ರೋಟೀನ್ ಅಲ್ಲ, ಕಡಲ ಪಾಚಿಯ ಅಂಟು. ಹಸಿ ಅನಾನಸ್ ಅದನ್ನು ಏನೂ ಮಾಡಲ್ಲ. ಆದರೂ ಬೇಯಿಸಿದ ಹಣ್ಣು ಆಮೇಲೆ ನೀರು ಬಿಡೋದು ಕಡಿಮೆ, ಹಾಗಾಗಿ ಅದಕ್ಕೂ ಬೇಯಿಸೋದೇ ವಾಸಿ.

ಜೆಲಾಟಿನ್: 600 ಮಿಲಿಗೆ 14 ಗ್ರಾಂ, ಅಂದರೆ ಚಹಾ ಚಮಚದಲ್ಲಿ ತಲೆತಟ್ಟಿ ನಾಲ್ಕೂವರೆ, ಐದು. 90 ಮಿಲಿ ತಣ್ಣೀರಿನ ಮೇಲೆ ಉದುರಿಸಿ ಹತ್ತು ನಿಮಿಷ ಬಿಡಬೇಕು. ಪುಡಿ ಮೇಲೆ ನೀರು ಹೊಯ್ಯಬೇಡಿ. ಇಲ್ಲೊಂದು ಸ್ಥಳೀಯ ಎಡವಟ್ಟು ಇದೆ: ಬೇಸಿಗೆ ಮಧ್ಯಾಹ್ನ ಮೇಲಿನ ಟ್ಯಾಂಕಿಂದ ನಲ್ಲಿಗೆ ಬರೋದು ಬಿಸಿನೀರೇ. ಅದಕ್ಕೆ ಉದುರಿಸಿದರೆ ಹೊರಗಿನ ಕಾಳು ತಕ್ಷಣ ಅಂಟಾಗಿ, ಒಳಗಿನದು ಒಣಗೇ ಉಳಿದು, ಗಂಟು ಕಟ್ಟುತ್ತೆ. ಮಡಕೆ ನೀರೋ ಫ್ರಿಜ್ ನೀರೋ ತಗೊಳ್ಳಿ. ನೆಂದ ಮೇಲೆ ಸಕ್ಕರೆ ಕರಗಿಸಿದ ಬಿಸಿ ದ್ರವಕ್ಕೆ ಸೇರಿಸಿ ಕಲಕಿ. ಕುದಿಸಿದಷ್ಟೂ ಅದರ ಬಿಗಿ ಸಡಿಲ. ಹಿಡಿಯೋಕೆ ಫ್ರಿಜ್ಜಲ್ಲಿ ಕನಿಷ್ಠ ಆರು ಗಂಟೆ, ನಡುವೆ ಕರೆಂಟ್ ಹೋದರೆ ಇನ್ನೂ ಜಾಸ್ತಿ.

ಇಷ್ಟು ಮಾಡಿದರೂ ತೊಂದರೆ ತಟ್ಟೆ ಮೇಲೇ ಶುರು. ಜೆಲಾಟಿನ್ ಜೆಲ್ಲಿ ಕರಗೋದು ಸುಮಾರು 30-35 ಡಿಗ್ರಿಗೆ. ಬಾಯಲ್ಲಿ ಕರಗೋ ಗುಟ್ಟೂ ಅದೇ, ಮೇ ತಿಂಗಳ ಹಾಲ್‌ನಲ್ಲಿ ಕುಸಿಯೋ ಕಾರಣವೂ ಅದೇ. ಇಪ್ಪತ್ತು ನಿಮಿಷಕ್ಕೆ ಅಂಚು ಬೆವರುತ್ತೆ, ಆಮೇಲೆ ಬುಡ ಜಾರುತ್ತೆ. ಹೆಚ್ಚು ಪುಡಿ ಹಾಕಿ ನಿಲ್ಲಿಸೋಕೆ ಹೋದರೆ ರಬ್ಬರ್. ಇನ್ನೊಂದು ಮಾತು, ಇದು ದನ ಅಥವಾ ಹಂದಿಯ ಚರ್ಮ-ಮೂಳೆಯಿಂದ ತೆಗೆದದ್ದು. ಶಾಕಾಹಾರಿಗಳ ಮನೆಗೆ ಒಯ್ಯೋದಾದರೆ ಈ ಡಬ್ಬಿ ಮುಟ್ಟಲೇಬೇಡಿ, ಹೇಳದೆ ಬಡಿಸೋದಂತೂ ತಪ್ಪು.

ಚೈನಾ ಗ್ರಾಸ್: ಎಳೆ ರೂಪದ್ದಾದರೆ 600 ಮಿಲಿಗೆ 6 ಗ್ರಾಂ, ಪುಡಿಯಾದರೆ 5. ಎಳೆಯನ್ನು ಚಮಚದಲ್ಲಿ ಅಳೆಯೋಕಾಗಲ್ಲ. ತಕ್ಕಡಿ ಇಲ್ಲದಿದ್ದರೆ 10 ಗ್ರಾಂ ಪ್ಯಾಕೆಟ್‌ನ ಅರ್ಧ, ಅದರ ಮೇಲೆ ಒಂದು ಚಿವುಟು. ಕೊಳ್ಳುವಾಗ ಬೆಳ್ಳಗೆ, ಹಗುರಾಗಿ, ಗರಿಗರಿ ಇರೋದನ್ನು ಆರಿಸಿ. ಹಳದಿ ತಿರುಗಿದ್ದರೆ, ಬಿಚ್ಚಿದ ಕೂಡಲೇ ಸಮುದ್ರದ ವಾಸನೆ ಹೊಡೆದರೆ ವಾಪಸ್ ಕೊಡಿ.

ಕತ್ತರಿಯಲ್ಲಿ ಬೆರಳುದ್ದ ಕತ್ತರಿಸಿ, 400 ಮಿಲಿ ನೀರಲ್ಲಿ ಅರ್ಧ ಗಂಟೆ ನೆನೆಸಿ, ಅದೇ ನೀರಲ್ಲಿ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಕುದಿಸಿ. ಸೌಟು ಎತ್ತಿ ಬೆಳಕಿಗೆ ಹಿಡಿದಾಗ ಒಂದು ಎಳೆಯೂ ಕಾಣಬಾರದು. ಸಕ್ಕರೆ ಅದಾದ ಮೇಲೇ. ಮೊದಲೇ ಹಾಕಿದರೆ ಸಕ್ಕರೆ ನೀರನ್ನು ಹಿಡಿದಿಟ್ಟುಕೊಂಡು ಎಳೆ ಕರಗೋದು ತಡವಾಗುತ್ತೆ. ನಿಂಬೆರಸ ಇನ್ನೂ ಕೊನೆಗೆ, ಒಲೆ ಆರಿಸಿ, ಆವಿ ಇಳಿದ ಮೇಲೆ. ಹುಳಿಯ ಜೊತೆ ಕುದ್ದ ಚೈನಾ ಗ್ರಾಸ್ ಬಿಗಿ ಕಳೆದುಕೊಳ್ಳುತ್ತೆ. ‘ನಮ್ಮದು ಹಿಡಿಯಲೇ ಇಲ್ಲ’ ಅನ್ನೋರ ಪಾತ್ರೆಯಲ್ಲಿ ಬಹುಪಾಲು ಆಗಿರೋದು ಇದೇ. ಅನಾನಸ್ ರಸ ಫ್ರಿಜ್ಜಿಂದ ನೇರ ಹೊಯ್ಯಬಾರದು, ಹೊಯ್ದ ಜಾಗದಲ್ಲೇ ನಾರುನಾರಾಗಿ ಗಟ್ಟಿಯಾಗುತ್ತೆ. ಹಾಗೇನಾದರೂ ಆದರೆ ಮತ್ತೆ ಬಿಸಿ ಮಾಡಿ ಕರಗಿಸಿಕೊಳ್ಳಬಹುದು.

ಅಚ್ಚಿಗೆ ಹೊಯ್ಯೋ ಮೊದಲು, ಪಾಕ ನೋಡೋ ಹಾಗೆ, ತಣ್ಣನೆ ಸ್ಟೀಲ್ ತಟ್ಟೆ ಮೇಲೆ ಒಂದು ಚಮಚ ಬಿಡಿ. ಎರಡು ಮೂರು ನಿಮಿಷದಲ್ಲಿ ಹೊಳಪು ಕಮ್ಮಿಯಾಗಿ, ಬೆರಳಲ್ಲಿ ತಳ್ಳಿದರೆ ಇಡೀ ಬಿಲ್ಲೆಯಾಗಿ ಜರುಗಬೇಕು. ಒಡೆದು ಹರಿದರೆ ಇನ್ನೊಂದು ಗ್ರಾಂ ಬೇರೆ ನೀರಲ್ಲಿ ಕರಗಿಸಿ ಸೇರಿಸಿ. ಬೆರಳಿಗೆ ಗಡುಸಾಗಿ ತಾಗಿದರೆ 50 ಮಿಲಿ ಬಿಸಿನೀರು ಬೆರೆಸಿ.

ಇದು ಹಿಡಿಯೋದು 35-40 ಡಿಗ್ರಿಗೆ, ಮತ್ತೆ ಕರಗೋದು 85ರ ಆಸುಪಾಸು. ಇಷ್ಟು ಅಂತರ ಇರೋದರಿಂದಲೇ ತಟ್ಟೆ ಮೇಲೆ ಗಂಟೆಗಟ್ಟಲೆ ಆಕಾರ ಬಿಡಲ್ಲ. ನಿಂತಿದೆ ಅಂತ ದಿನವಿಡೀ ಹೊರಗಿಡಬೇಡಿ. ಹಣ್ಣು ಇರೋದರಿಂದ ಆ ಬಿಸಿಲಿಗೆ ಒಂದು ಗಂಟೆಯೊಳಗೆ ತಿಂದು ಮುಗಿಸಬೇಕು. ಕುಂದುಗಳೂ ಇವೆ: ಹಲ್ಲಿಗೆ ಕಟ್ ಅನ್ನೋ ಗಡಸು, ಸ್ವಲ್ಪ ಮಂಕು, ಮಾರನೇ ದಿನಕ್ಕೆ ತಟ್ಟೆಯಲ್ಲಿ ನೀರು. ಜೆಲಾಟಿನ್‌ನ ಥಳಥಳ ಕುಣಿತ ಇದರಲ್ಲಿ ಹುಡುಕಬೇಡಿ.

ರೆಡಿ ಪ್ಯಾಕೆಟ್‌ಗೆ ಹೆಚ್ಚು ಮಾತು ಬೇಡ. ಹಸಿರು ಚುಕ್ಕೆ ಇದ್ದು, ಪದಾರ್ಥಗಳ ಸಾಲಿನಲ್ಲಿ 407 ಅಂತ ಇದ್ದರೆ ಅದು ಕ್ಯಾರಜೀನನ್, ಇದೂ ಕಡಲ ಪಾಚಿಯದ್ದೇ. ಕೆಲಸ ಹಗುರ, ಸಿಹಿ ವಿಪರೀತ, ಬಣ್ಣ ಕಣ್ಣು ಕುಕ್ಕುತ್ತೆ. ಎತ್ತರದ ಅಚ್ಚಿಗಾದರೆ ಹೇಳಿದ್ದಕ್ಕಿಂತ 50 ಮಿಲಿ ನೀರು ಕಡಿಮೆ ಹಾಕಿ, ಇಲ್ಲದಿದ್ದರೆ ತಿರುವಿದಾಗ ಸೀಳುತ್ತೆ. ಮಕ್ಕಳ ಬಟ್ಟಲಿಗೆ ಸರಿ, ಅಚ್ಚಿಗೆ ಅಲ್ಲ.

ಹಣ್ಣು ನಡುವೆ ತೇಲಿ ನಿಲ್ಲಬೇಕಾದರೆ ದ್ರವ ತೆಳು ಗಂಜಿಯ ಹದಕ್ಕೆ ಬಂದಾಗ ಸೇರಿಸಬೇಕು. ಬಿಸಿಯಲ್ಲೇ ಸೇರಿಸಿದರೆ ಸೇಬು, ಬಾಳೆ ಮೇಲೆ ಹೋಗುತ್ತೆ, ದ್ರಾಕ್ಷಿ ತಳಕ್ಕೆ ಇಳಿಯುತ್ತೆ. ಜೆಲಾಟಿನ್ ಈ ಹದದಲ್ಲಿ ಹತ್ತು ನಿಮಿಷ ಕಾಯುತ್ತೆ, ಚೈನಾ ಗ್ರಾಸ್ ಎರಡೇ ನಿಮಿಷ. ಗಜ್ಜರಿ, ಅನಾನಸ್ ಪಕ್ಕದಲ್ಲೇ ಇಟ್ಟುಕೊಂಡಿರಿ, ಅವೂ ಉಗುರುಬೆಚ್ಚಗಿರಲಿ. ಗಜ್ಜರಿ ಬದಲು ಚಿತ್ರದುರ್ಗದ ಕಡೆ ಬೆಳೆಯೋ ದಾಳಿಂಬೆ ಹಾಕಿದರೆ ನೋಡೋಕೆ ಇನ್ನೂ ಚಂದ. ಕಾಳು ಒಡೆಯದಂತೆ ಬಿಡಿಸಿ, ಒಡೆದರೆ ಜೆಲ್ಲಿಯೆಲ್ಲಾ ಕೆಂಪಾಗುತ್ತೆ.

ಅಚ್ಚು ಸ್ಟೀಲ್ ಅಥವಾ ಸಿಲಿಕೋನ್ ಇರಲಿ. ಬರೀ ಅಲ್ಯೂಮಿನಿಯಂನಲ್ಲಿ ನಿಂಬೆಹುಳಿ ರಾತ್ರಿಯಿಡೀ ಇದ್ದರೆ ಲೋಹದ ರುಚಿ ಹತ್ತುತ್ತೆ. ಬಳೆ ಅಚ್ಚು ಸಿಗದಿದ್ದರೆ ಅಗಲ ಬಾಯಿಯ ಸ್ಟೀಲ್ ಬಟ್ಟಲೇ ಸಾಕು. ಒಳಗೆ ಸವರೋಕೆ ಬೆಣ್ಣೆ ಬೇಡ. ದೋಸೆಗೆ ಸೈ, ಆದರೆ ಫ್ರಿಜ್ಜಲ್ಲಿ ಅದು ಗಟ್ಟಿಯಾಗಿ ಜೆಲ್ಲಿ ಮೇಲೆ ಬಿಳಿ ಮಚ್ಚೆ ಬಿಡುತ್ತೆ. ತಣ್ಣೀರಲ್ಲಿ ತೊಳೆದು ಒದ್ದೆಯಾಗೇ ಹೊಯ್ದರೆ ಸಾಕು. ತೆಗೆಯುವಾಗ ಜೆಲಾಟಿನ್ ಅಚ್ಚನ್ನು ಬೆಚ್ಚನೆ ನೀರಲ್ಲಿ ಐದೇ ಸೆಕೆಂಡ್ ಅದ್ದಿ. ಚೈನಾ ಗ್ರಾಸ್‌ಗೆ ಬಿಸಿನೀರು ದಂಡ; ಬೆರಳಲ್ಲಿ ಅಂಚನ್ನು ಒಳಗೆ ಎಳೆದು ಗಾಳಿ ಹೋಗೋಕೆ ಬಿಟ್ಟರೆ ತಾನಾಗೇ ಕಳಚುತ್ತೆ. ತಟ್ಟೆಗೂ ನೀರು ಸವರಿರಿ, ಓರೆಯಾಗಿ ಬಿದ್ದರೆ ನಡುವಿಗೆ ಜರುಗಿಸೋಕೆ ಬರುತ್ತೆ.