ಫ್ರೀ ಕಿಕ್: ಚೆಂಡು ತಿರುಗಬೇಕಾ, ತಿರುಗಬಾರದಾ?

ಫುಟ್‌ಬಾಲ್‌ನಲ್ಲಿ ಎದುರಾಳಿ ತಪ್ಪು ಮಾಡಿದಾಗ ಸಿಗುವ ಫ್ರೀ ಕಿಕ್‌ನಲ್ಲಿ ಎದುರಾಳಿಗಳು ಸಾಲಾಗಿ ನಿಂತು ಕಟ್ಟುವ ಗೋಡೆ ಇರುವುದು ಚೆಂಡಿನಿಂದ 9.15 ಮೀಟರ್ ದೂರದಲ್ಲಿ. ಗೋಲಿನ ಎತ್ತರ ಬರೀ 2.44 ಮೀಟರ್. ಹಾಗಾಗಿ ಸುಮ್ನೆ ಜೋರಾಗಿ ಒದ್ದರೆ ಆಗುವುದಿಲ್ಲ, ಗಾಳಿಯಿಂದ ಸ್ವಲ್ಪ ಕೆಲಸ ಮಾಡಿಸಬೇಕು. ನಾನು ಮೂರು ಬಗೆಯ ಹೊಡೆತ ಹೊಡೆದು ನೋಡಿದ್ದೇನೆ: ಕರ್ಲ್, ನಕಲ್‌ಬಾಲ್, ಟಾಪ್‌ಸ್ಪಿನ್.

ಮೊದಲು ಕರ್ಲ್. ಬಲಗಾಲಿನ ಒಳಬದಿಯಿಂದ ಚೆಂಡಿನ ನಡುವಿಗಲ್ಲ, ಬಲಪಕ್ಕಕ್ಕೆ ಹೊಡೆಯಬೇಕು. ಚೆಂಡು ತಿರುಗುತ್ತಾ ಹೋಗುತ್ತದೆ. ಅದರ ಎಡಮೈ ಎದುರುಗಾಳಿ ಸಾಗುವ ಕಡೆಗೇ ತಿರುಗುತ್ತದೆ, ಬಲಮೈ ಗಾಳಿಗೆ ಎದುರಾಗಿ. ಎಡಗಡೆಯ ಗಾಳಿ ಮೈಗೆ ಅಂಟಿಕೊಂಡು ಹಿಂದಿನವರೆಗೂ ಸುತ್ತಿ ಬಲಕ್ಕೆ ಚಿಮ್ಮುತ್ತದೆ. ಚೆಂಡು ಗಾಳಿಯನ್ನು ಬಲಕ್ಕೆ ತಳ್ಳಿದರೆ ಗಾಳಿ ಚೆಂಡನ್ನು ಎಡಕ್ಕೆ ತಳ್ಳಲೇಬೇಕು, ಅಲ್ವಾ? ಇದೇ ಮ್ಯಾಗ್ನಸ್ ಪರಿಣಾಮ. ನನಗೆ ತುಂಬಾ ಇಷ್ಟವಾಗುವುದು ಮುಂದಿನ ಭಾಗ. ಹೋಗ್ತಾ ಹೋಗ್ತಾ ಚೆಂಡಿನ ವೇಗ ಇಳಿಯುತ್ತದೆ, ತಿರುಗು ಅಷ್ಟು ಬೇಗ ಇಳಿಯುವುದಿಲ್ಲ. ಅದಕ್ಕೇ ಕೊನೆಯಲ್ಲಿ ಬಾಗು ಜಾಸ್ತಿ. 1997ರಲ್ಲಿ ಫ್ರಾನ್ಸ್ ವಿರುದ್ಧ ಬ್ರೆಜಿಲ್‌ನ ರಾಬರ್ಟೊ ಕಾರ್ಲೋಸ್ ಸುಮಾರು 35 ಮೀಟರ್‌ನಿಂದ ಹೊಡೆದದ್ದು ಎಡಗಾಲಿನ ಹೊರಬದಿಯಿಂದ. ಗೋಲಿನಿಂದ ಎಷ್ಟೋ ಆಚೆ ಹೊರಟಂತಿದ್ದ ಚೆಂಡು ಕಂಬಕ್ಕೆ ತಾಗಿ ಒಳಗೆ ಬಿತ್ತು. ಅಷ್ಟು ದೂರ ಇದ್ದದ್ದರಿಂದಲೇ ಆ ಬಾಗು ಕಣ್ಣಿಗೆ ಬಿತ್ತು.

ನಕಲ್‌ಬಾಲ್ ಇದಕ್ಕೆ ಪೂರ್ತಿ ಉಲ್ಟಾ. ನಡುವಿಗೇ ಹೊಡೆಯಬೇಕು, ಕಾಲನ್ನು ಮುಂದೆ ಎಳೆಯದೆ ಅಲ್ಲೇ ತಡೆಯಬೇಕು. ಚೆಂಡು ತಿರುಗಬಾರದು. ಆಗ ಹೊಲಿಗೆಗಳು ಎಲ್ಲಿವೆ ಅನ್ನುವುದರ ಮೇಲೆ ಒಂದೊಂದು ಬದಿಯಲ್ಲಿ ಗಾಳಿ ಒಂದೊಂದು ಕಡೆ ಮೈಬಿಟ್ಟು ಹೋಗುತ್ತದೆ. ಚೆಂಡು ಕುಡಿದವನ ಹಾಗೆ ಓಲಾಡುತ್ತದೆ. ಮೈ ನುಣುಪಾದಷ್ಟೂ ಈ ಓಲಾಟ ಹೆಚ್ಚಿನ ವೇಗದಲ್ಲಿ ಬರುತ್ತದೆ. 2010ರ ವಿಶ್ವಕಪ್‌ನ ಎಂಟು ತುಂಡಿನ ಚೆಂಡು ಜಬುಲಾನಿಗೆ ಅದು ಸರಿಯಾಗಿ ಫ್ರೀ ಕಿಕ್‌ನ ವೇಗದಲ್ಲೇ ಬರುತ್ತಿತ್ತು, ಗೋಲ್‌ಕೀಪರ್‌ಗಳು ಬೈದದ್ದೇ ಬೈದದ್ದು. 2014ರ ವಿಶ್ವಕಪ್‌ನ ಚೆಂಡು ಬ್ರಜೂಕಾದಲ್ಲಿ ತುಂಡುಗಳು ಆರೇ, ಆದರೆ ಹೊಲಿಗೆ ಉದ್ದ, ಆಳ, ಮೈ ಒರಟು. ಓಲಾಟ ತಗ್ಗಿತು.

ನೋಡಲು ನಕಲ್‌ಬಾಲ್‌ನಷ್ಟು ಮಜಾ ಬೇರೆ ಇಲ್ಲ. ತೊಂದರೆ ಏನೆಂದರೆ, ಎತ್ತ ಹೋಗುತ್ತದೆಂದು ಕೀಪರ್‌ಗೂ ಗೊತ್ತಿಲ್ಲ, ಹೊಡೆದವನಿಗೂ ಗೊತ್ತಿಲ್ಲ! ಚೆಂಡು ಸ್ವಲ್ಪ ತಿರುಗಿಬಿಟ್ಟರೂ ಅದು ಬರೀ ಅರೆಬರೆ ಕರ್ಲ್.

ಟಾಪ್‌ಸ್ಪಿನ್ ಬಗ್ಗೆ ಹೇಳುವುದು ಕಡಿಮೆ. ಮೇಲ್ಮೈ ಮುಂದಕ್ಕೆ ತಿರುಗುವಂತೆ ಹೊಡೆದರೆ ಅದೇ ಮ್ಯಾಗ್ನಸ್ ಬಲ ಕೆಳಕ್ಕೆ ಎಳೆಯುತ್ತದೆ. ಪುಟಿಯುವ ಚೆಂಡಿಗೆ ಸಲೀಸು. ನೆಲಕ್ಕೆ ಕೂತ ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಲು ಕಾಲಿಗೆ ಜಾಗವೇ ಸಿಗುವುದಿಲ್ಲ.

ನನ್ನ ಓಟು ಕರ್ಲ್‌ಗೆ. ಗೋಲಿಗೆ 20-25 ಮೀಟರ್ ಇದ್ದರೆ, ಅದೂ ಎಡಗಡೆಯಿಂದ, ಬೇರೆ ಯೋಚನೆಯೇ ಬೇಡ. 30 ಮೀಟರ್ ದಾಟಿ ನೇರ ಎದುರಿಗಿದ್ದರೆ ಮಾತ್ರ ನಕಲ್‌ಬಾಲ್ ಹೊಡೆಯುತ್ತೇನೆ. ಗೋಲಾಗದಿದ್ದರೂ ಕೀಪರ್ ಕೈಯಿಂದ ಚಿಮ್ಮಿ ಬಂದ ಚೆಂಡು ನಮ್ಮವರಿಗೆ ಸಿಕ್ಕೀತು.